ಬೇಳೆ ಬೇಯುವ ನೀರು

ಗುಬ್ಬಿ ದಾರಿಯಲ್ಲಿದ್ದ ಮಹಾಲಕ್ಷ್ಮಮ್ಮನ ತೋಟದ ಬಾವಿಗೆ ಸುತ್ತಲಿನ ಊರುಗಳಲ್ಲಿ ಒಂದು ಹೆಸರಿತ್ತು. ಯಾರ ಮನೆಯಲ್ಲಿ ಮದುವೆಯಾದರೂ ಅಡುಗೆಯವರು ಮೊದಲು ಕೇಳುತ್ತಿದ್ದದ್ದು, “ಮಾಲಕ್ಷ್ಮಕ್ಕನ ಬಾವಿಗೆ ಗಾಡಿ ಕಳಿಸಿದ್ರಾ?” ಆ ನೀರಿನಲ್ಲಿ ತೊಗರಿಬೇಳೆ ನಾಲ್ಕು ಕುದಿ ಬರುವಷ್ಟರಲ್ಲಿ ಬೆಣ್ಣೆಯಂತಾಗುತ್ತಿತ್ತು. ಬೇಸಿಗೆ ರಜಕ್ಕೆ ಬರುತ್ತಿದ್ದ ಶಾಂತಲಾಳಿಗೆ ಬಾವಿಕಟ್ಟೆಯ ಮೇಲೆ ಕೂತು ಗಾಡಿಯ ಪೀಪಾಯಿಗಳು ತುಂಬುವುದನ್ನು ನೋಡುವುದೇ ಒಂದು ಸಂಭ್ರಮ. ಅವಳ ಸೋದರತ್ತೆ ಮಹಾಲಕ್ಷ್ಮಮ್ಮ ನೀರಿಗೆ ಕಾಸು ಮುಟ್ಟಿದವಳಲ್ಲ. ಮದುವೆಮನೆಯಿಂದ ಒಂದು ಚೊಂಬು ಹುಳಿ ಬಂದರೆ ಸಾಕು, ಬೆರಳದ್ದಿ ನೆಕ್ಕಿ, “ನಮ್ ಬಾವೀದೇ ಕಣೇ” ಅನ್ನುತ್ತಿದ್ದಳು.

ತೊಂಬತ್ತೆಂಟರ ಹೊತ್ತಿಗೆ ಗಾಡಿಗಳು ಬರುವುದು ನಿಂತಿತ್ತು. ತೋಟದ ಹಿಂದೆ ಕೆಮಿಕಲ್ ಫ್ಯಾಕ್ಟರಿಯೊಂದು ಎದ್ದು ಮೂರು ವರ್ಷವಾಗಿತ್ತು. ತುಮಕೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದ ಶಾಂತಲಾ ಒಂದು ಭಾನುವಾರ ಬಂದಾಗ ಸೋಪು ನೊರೆ ಬಿಡಲಿಲ್ಲ. ಒಲೆಯ ಮೇಲೆ ಬೇಳೆ ಮಧ್ಯಾಹ್ನದವರೆಗೂ ಕುದಿಯುತ್ತಲೇ ಇತ್ತು. ಅತ್ತೆ ಮಾತ್ರ, “ಈ ಸಲದ ಬೇಳೇನೇ ಸರಿಯಿಲ್ಲ ಬುಡು” ಅಂದಳು.

ಶಾಂತಲಾಳಿಗೆ ಕಾರಣ ಹೊಳೆಯಿತು. ಫ್ಯಾಕ್ಟರಿಯವರು ಆ್ಯಸಿಡ್ ನೀರಿಗೆ ಸುಣ್ಣ ಕಲಸಿ, ತಳಕ್ಕೆ ಗಾರೆಯೂ ಇಲ್ಲದ ಗುಂಡಿಗೆ ಬಿಡುತ್ತಿದ್ದರು. ಅದು ನೆಲದೊಳಗೆ ಇಳಿದು ಬಾವಿಯ ನೀರನ್ನು ಗಡುಸು ಮಾಡಿತ್ತು. ಮಾಲಿನ್ಯ ಮಂಡಳಿಗೆ ದೂರು ಬರೆದಳು. ಆರು ತಿಂಗಳು ಓಡಾಡಿದ ಮೇಲೆ ನೀರಿನ ಸ್ಯಾಂಪಲ್ ತೆಗೆಯಲು ಅಧಿಕಾರಿ ಬರುವ ದಿನ ಗೊತ್ತಾಯಿತು. ನೀರು ಕೆಟ್ಟಿದೆಯೆಂದು ಅವತ್ತು ಸಾಬೀತಾದರೆ ಗುಂಡಿ ಮುಚ್ಚಿಸಬಹುದು. ಇಲ್ಲವಾದರೆ ಬಾವಿಯ ಕತೆ ಮುಗಿದಂತೆ.

ಆ ದಿನ ಅಧಿಕಾರಿ ಅನಂತರಾಜು ಜೀಪಿನಿಂದ ಇಳಿದಾಗ ಶಾಂತಲಾಳೇ ಬೆಚ್ಚಿದಳು. ಬಾವಿಕಟ್ಟೆ ತೊಳೆದು ರಂಗೋಲಿ ಬಿಟ್ಟಿತ್ತು. ಗೋಡೆಗೆ ಹೊಸ ಸುಣ್ಣ. ರಾಟೆಗೆ ಚೆಂಡುಹೂವು. ಅನಂತರಾಜು ಬಗ್ಗಿ ನೋಡಿ, ಮೂಗರಳಿಸಿದರು.

“ಏನಮ್ಮಾ, ಬ್ಲೀಚಿಂಗ್ ಪೌಡರ್ ಹಾಕಿದೀರಾ?”

“ಹೂಂ ಸ್ವಾಮಿ,” ಅತ್ತೆ ಹಿಗ್ಗಿದಳು. “ಮೊನ್ನೆಯಿಂದ ಪಂಪ್‌ಸೆಟ್ ಇಟ್ಟು ನೀರೆಲ್ಲಾ ಖಾಲಿ ಮಾಡ್ಸಿ, ಹೂಳು ತೆಗ್ಸಿ, ಎರಡು ಡಬ್ಬ ಪೌಡರ್ ಸುರಿಸಿದೀನಿ. ಬಾವಿ ನೋಡಕ್ಕೆ ಸರ್ಕಾರದೋರು ಬತ್ತಾರೆ ಅಂದ್ರೆ ಕೊಳಕು ತೋರ್ಸಕ್ಕಾಯ್ತದಾ?”

ಅನಂತರಾಜು ಖಾಲಿ ಕ್ಯಾನನ್ನು ಜೀಪಿಗೇ ಹಾಕಿದರು. “ಮೇಡಂ, ನಿಮಗೆ ಗೊತ್ತಿರೋದೇ. ಬ್ಲೀಚಿಂಗ್ ಪೌಡರಲ್ಲೇ ಕ್ಯಾಲ್ಸಿಯಂ ಇದೆ, ಕ್ಲೋರೈಡ್ ಇದೆ. ನಾಳೆ ಫ್ಯಾಕ್ಟರಿ ವಕೀಲರು, ‘ಇದೆಲ್ಲ ಅಜ್ಜಿ ಹಾಕಿದ್ದು’ ಅಂತಾರೆ. ಮಳೆ ಶುರುವಾಗೋಕೆ ಮುಂಚೆ ಇನ್ನೊಂದು ಸಲ ಬರ್ತೀನಿ. ಈ ಪೌಡರ್ ನೀರನ್ನೆಲ್ಲ ಎತ್ತಿ ಹಾಕ್ಸಿ, ಹೊಸ ನೀರು ಊರಿದ ಮೇಲೆ ದಯವಿಟ್ಟು ಯಾರೂ ಬಾವಿ ಮುಟ್ಟಬೇಡಿ.”

ಜೀಪು ಹೋದ ಮೇಲೆ ಶಾಂತಲಾ ತಡೆಯಲಾರದೆ ಕೂಗಾಡಿದಳು. “ಎಷ್ಟು ಓಡಾಡಿದೀನಿ ಗೊತ್ತಾ ಅತ್ತೆ? ಬಾವಿ ಕೆಟ್ಟಿದೆ ಅಂತ ತೋರ್ಸಕ್ಕೇ ಅವರನ್ನ ಕರ್ಸಿದ್ದು!”

“ಕೆಟ್ಟಿದೆ ಅಂತ ನೀನಂದ್ರೆ ಆಯ್ತೇನೇ?” ಅತ್ತೆಯ ದನಿ ಒಡೆಯಿತು. “ನಮ್ಮತ್ತೆ ಇದನ್ನ ನನ್ ಕೈಗೆ ಕೊಟ್ಟು ಹೋದ್ಲು. ಕೆಟ್ಟೋಯ್ತು ಅಂತ ಊರ ಮುಂದೆ ನಾನ್ ಹೆಂಗೆ ಅನ್ನಲಿ?”

ಶಾಂತಲಾಳಿಗೆ ಬೆರಳು ನೆಕ್ಕಿ ನಗುತ್ತಿದ್ದ ಅತ್ತೆಯ ಮುಖ ನೆನಪಾಯಿತು. ನೀರು ಕೆಟ್ಟದ್ದು ಅತ್ತೆಗೆ ಗೊತ್ತಿಲ್ಲವೆಂದುಕೊಂಡದ್ದು ತನ್ನದೇ ತಪ್ಪು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಮೇ ಕೊನೆಯಲ್ಲಿ ಅನಂತರಾಜು ಮತ್ತೆ ಬಂದರು. ಬಾವಿಯ ತುಂಬ ತೆಂಗಿನ ಗರಿಯ ಚೂರು. ಒಳಗೋಡೆಯ ಮೇಲೆ ಗಡುಸು ನೀರು ಕಟ್ಟಿದ ಬಿಳಿಯ ಪೊರೆ. ರಂಗೋಲಿಯಿಲ್ಲದ ಕಟ್ಟೆಯ ಪಕ್ಕ ಅತ್ತೆ ಕೈಕಟ್ಟಿ ನಿಂತಿದ್ದಳು. ಪಕ್ಕದ ತೋಟದ ರಂಗಲಕ್ಷ್ಮಮ್ಮ ಬೇಲಿಯಿಂದಲೇ ಕುಟುಕಿದಳು: “ಏನಕ್ಕಾ, ಸಾಹೇಬ್ರು ಬತ್ತಾರೆ ಅಂತ ಗೊತ್ತಿದ್ದೂ ಹಿಂಗಿಟ್ಟಿದೀಯ? ಸಲ್ಪ ಗುಡಿಸಬಾರ್ದಾ?”

“ಜ್ವರ ಬಂದಿರೋ ಮಗೀನ ಡಾಕ್ಟ್ರ ತಾವ ಕರ್ಕೊಂಡೋಗುವಾಗ ಪೌಡರ್ ಬಳಿತೀಯೇನೇ?” ಅಂದಳು ಅತ್ತೆ. ಆಮೇಲೆ ಅನಂತರಾಜು ಕಡೆ ತಿರುಗಿ, ಬೇಲಿಯಾಚೆಗೂ ಕೇಳುವಂತೆ, “ನನ್ ಬಾವಿ ಕೆಟ್ಟದೆ ಸ್ವಾಮಿ. ಬರ್ಕೊಳಿ,” ಅಂದಳು.

ಅನಂತರಾಜು ಅದೇ ನೀರಿನಲ್ಲಿ ಕ್ಯಾನನ್ನು ಗಲಬರಿಸಿ ಚೆಲ್ಲಿ, ಆಮೇಲೆ ತುಂಬಿ ಸೀಲು ಹಾಕಿದರು. ಅತ್ತೆ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ವರ್ಷ ತುಂಬುವುದರೊಳಗೆ ಗುಂಡಿ ಮುಚ್ಚುವಂತೆ ಆದೇಶ ಬಂತು. ಮುಚ್ಚಿಯೂ ಆಯಿತು. ಆದರೆ ನೆಲದೊಳಗೆ ಇಳಿದದ್ದಕ್ಕೆ ಯಾರ ಆದೇಶ?

ಅಂದಿನಿಂದ ಪ್ರತಿ ಮಳೆಗಾಲ ಮುಗಿದ ಮೇಲೆ ಗುಬ್ಬಿ ಬಸ್ಸಿನಲ್ಲಿ ತುಮಕೂರಿನ ಮರಳೂರಿನಲ್ಲಿದ್ದ ಶಾಂತಲಾಳ ಮನೆಗೆ ಒಂದು ಕ್ಯಾನು ನೀರು ಬರತೊಡಗಿತು. “ನೀನೇ ಬೇಯ್ಸಿ ನೋಡೇ. ನಾನ್ ನೋಡಿದ್ರೆ ನನ್ ಕಣ್ಣಿಗೆ ಬೆಂದಂಗೇ ಕಾಣ್ತದೆ,” ಅನ್ನುತ್ತಿದ್ದಳು ಅತ್ತೆ.

ಎರಡು ಸಾವಿರದ ಐದರಲ್ಲಿ ಒಳ್ಳೆಯ ಮಳೆ ಹೊಯ್ಯಿತು. ಆ ಸಲದ ನೀರಿಗೆ ಶಾಂತಲಾ ಒಂದು ಹಿಡಿ ತೊಗರಿಬೇಳೆ ಹಾಕಿದಳು. ಕುಕ್ಕರಿಲ್ಲ, ಬರೀ ಪಾತ್ರೆ. ನೊರೆ ಎದ್ದು, ಹಳದಿ ಗುಳ್ಳೆ ಒಡೆದು, ಅಡುಗೆಮನೆಯಲ್ಲಿ ಮದುವೆಮನೆಯ ವಾಸನೆ ತುಂಬಿತು. ಒಂದು ಕಾಳು ತೆಗೆದು ಹಿಚುಕಿದಳು. ಸುತ್ತ ಮೆತ್ತಗಾಗಿತ್ತು, ನಡುವೆ ಇನ್ನೂ ಗಟ್ಟಿ.

ಫೋನು ಬಂತು. “ಬೆಂತೇನೇ?”

ಅತ್ತೆಗೆ ಎಪ್ಪತ್ತು ದಾಟಿತ್ತು. ಬೆಂತು ಅನ್ನುವುದು ಶಾಂತಲಾಳ ನಾಲಿಗೆಯ ತುದಿಗೇ ಬಂದಿತ್ತು.

“ಹೋದ ವರ್ಷಕ್ಕಿಂತ ವಾಸಿ, ಅತ್ತೆ. ಆದ್ರೆ ನಡುವೆ ಇನ್ನೂ ಗಟ್ಟಿ ಇದೆ.”

ಆ ಕಡೆ ಅತ್ತೆ ನಕ್ಕಳು.

“ನಂಗೂ ಹಂಗೇ ಅನ್ನಿಸ್ತು ಕಣೇ. ಕ್ಯಾನು ತೊಳೆದಿಡು, ಮುಂದಿನ ಮಳೇಗೆ ಬೇಕಾಯ್ತದೆ.”