ನಲವತ್ತೊಂದು ಜನರ ಹಿಂದಿನ ಕತೆ

ಶಿವಸ್ವಾಮಿ ಬರೆದ ನಲವತ್ತೊಂದು ಕತೆಗಳನ್ನು ಅಮೃತೇಶ್ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ. ಅದು ಹೋದ ವರ್ಷ. ಇವತ್ತು ಅದೇ ಅಮೃತೇಶ್ ಶಿವಸ್ವಾಮಿಯನ್ನು ಮಣ್ಣು ಮಾಡುವ ಗುಂಡಿಯ ಪಕ್ಕ ನಿಂತು, ಸತ್ತವನ ಅಪ್ಪ ಸಿದ್ದಯ್ಯನ ಹೆಗಲ ಮೇಲೆ ಕೈಯಿಟ್ಟಿದ್ದ.

ತಂಗಿ ಶಾಂತಿ ಆ ಕೈಯನ್ನೇ ನೋಡುತ್ತಿದ್ದಳು. ಎದೆನೋವು ಅಂತ ಕೂತ ಅಣ್ಣ ಮತ್ತೆ ಏಳಲಿಲ್ಲ. ಮೂವತ್ತೆಂಟು ವಯಸ್ಸು. ತಿ. ನರಸೀಪುರದ ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಹದಿನಾರು ವರ್ಷ ನಿಂತೇ ಕಳೆದಿದ್ದ. ಹೆಣ ಊರಿಗೆ ಬಂದದ್ದು ಅಮೃತೇಶ್ ಕಳಿಸಿದ ಗಾಡಿಯಲ್ಲಿ.

ಅವರ ಕೇರಿಯಲ್ಲಿ ಸತ್ತವರಿಗೆ ಇಷ್ಟವಾದದ್ದನ್ನು ಜೊತೆಗೇ ಗುಂಡಿಗೆ ಹಾಕುತ್ತಾರೆ. ಅಜ್ಜಿಗೆ ಎಲೆಅಡಿಕೆ ಸಂಚಿ ಹಾಕಿದ್ದರು, ದೊಡ್ಡಪ್ಪನಿಗೆ ತಮಟೆ ಬಡಿಯುವ ಕಡ್ಡಿ.

“ಕುಡೀತಿರ್ನಿಲ್ಲ, ಸೇದ್ತಿರ್ನಿಲ್ಲ. ಇವುನ್ಗೇನ್ಲಾ ಆಕೋದು?” ಗುಂಡಿ ತೋಡಿದ ರಾಜು ತಲೆ ಕೆರೆದುಕೊಂಡ. ಜೆರಾಕ್ಸ್ ಮಿಷನ್ನೇ ಹಾಕಬೇಕು ಅಷ್ಟೇ ಎಂದ ಇನ್ಯಾರೋ. ಒಂದಿಬ್ಬರು ನಕ್ಕು, ಬಾಯಿಗೆ ಟವಲ್ ಅಡ್ಡ ಹಿಡಿದರು.

“ಹಸಿರು ರಟ್ಟಿನ ನೋಟ್‌ಬುಕ್ ಒಂದಿತ್ತಲ್ಲ ಸಿದ್ದಯ್ಯ,” ಅಮೃತೇಶ್ ಮೆಲ್ಲಗೆ ಹೇಳಿದ. “ಅದಂದ್ರೆ ಅವನಿಗೆ ಪ್ರಾಣ. ಅವನ ಜೊತೆಗೇ ಹೋಗ್ಲಿ.”

ನೋಟ್‌ಬುಕ್ ಶಾಂತಿಯ ಕಂಕುಳಲ್ಲಿತ್ತು.

*

ನಂಜನಗೂಡಿನ ಅಮೃತೇಶನ ಮನೆಯ ಮಹಡಿಯಲ್ಲಿ ಭಾನುವಾರ ಭಾನುವಾರ ಐದಾರು ಗೆಳೆಯರ ಆಟ ನಡೆಯುತ್ತಿತ್ತು. ಮೇಜಿನ ಮೇಲೆ ದಾಳ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ಮಾತಾಡಬೇಕು, ಕಾಡು ದಾಟಬೇಕು, ಕೋಟೆ ಹತ್ತಬೇಕು. ಆ ಪಾತ್ರ ಯಾರ ಮಗ, ಯಾವ ಊರು, ಮೈಮೇಲೆ ಯಾವ ಗಾಯ ಅನ್ನುವ ಹಿಂದಿನ ಕತೆ ಹೊಸೆಯುವುದು ಶಿವಸ್ವಾಮಿಯ ಪಾಲು. ಬಂದವರೆಲ್ಲ ರಾಜಕುಮಾರರಾಗಲು ಬಂದವರೇ. ಇವನು ಆ ಅರಮನೆಯ ಪಾತ್ರೆ ತೊಳೆದವರು ಯಾರು ಎಂದು ಕೇಳಿ, ಮುಂದಿನ ವಾರ ತೊಳೆದವಳ ಕತೆ ಬರೆದು ತರುತ್ತಿದ್ದ. ಆಟ ರಂಗೇರುತ್ತಿದ್ದದ್ದು ಅವಳಿಂದಲೇ. ಮಿಕ್ಕವರಿಗೆ ಸ್ಟೀಲ್ ಲೋಟದಲ್ಲಿ ಕಾಫಿ, ಶಿವಸ್ವಾಮಿಗೆ ಪೇಪರ್ ಲೋಟದಲ್ಲಿ.

ಆ ಕತೆಗಳೆಲ್ಲ ಅಮೃತೇಶನ ಹೆಸರು ಹೊತ್ತ ಕಾರ್ಡುಗಳಾಗಿ, ಆಟದ ಡಬ್ಬಿ ಮಾರಾಟಕ್ಕೆ ಬಂದಾಗ ಶಾಂತಿ ಅಣ್ಣನನ್ನು ಕೇಳಿದ್ದಳು, ಯಾಕೆ ಸುಮ್ಮನಿದ್ದೀಯ ಅಂತ.

“ಯಾರವ್ವ ನಂಬ್ತಾರೆ? ಜೆರಾಕ್ಸ್ ಅಂಗ್ಡಿಯವ್ನು ಕಾಪಿ ಮಾಡ್ದ ಅಂತಾರೆ. ಬರ್ದ ಅಂತಾರಾ?”

ಆದರೂ ಒಂದೊಂದು ಕತೆಗೂ ತಾರೀಖು ಹಾಕಿದ್ದ ನೋಟ್‌ಬುಕ್ಕನ್ನು ಟ್ರಂಕಿನಲ್ಲಿಟ್ಟು ಬೀಗ ಜಡಿದಿದ್ದ. ಕತೆಗಳು ಅವನವು ಅನ್ನುವುದಕ್ಕೆ ಉಳಿದ ಸಾಕ್ಷಿ ಅದೊಂದೇ. ಇವತ್ತು ಬೆಳಿಗ್ಗೆ ಶಾಂತಿ ಬೀಗ ಒಡೆದು ತಂದಿದ್ದಳು.

*

ಗುಂಡಿಯ ಪಕ್ಕ ನಿಂತಿದ್ದ ಅಮೃತೇಶ್ ಬ್ಯಾಗಿನಿಂದ ಆಟದ ಡಬ್ಬಿ ತೆಗೆದ. ತಾನು ಬರೆದ ಪಾತ್ರಗಳಲ್ಲಿ ಗೆಳೆಯ ಬಹಳ ಮೆಚ್ಚಿದ್ದು ಇದನ್ನೇ ಎಂದು ಹೇಳಿ ಒಂದು ಕಾರ್ಡ್ ಓದತೊಡಗಿದ. ಹರಿಗೋಲು ನಡೆಸುವ ಹೆಂಗಸು. ಹುಡುಗಿಯಾಗಿದ್ದಾಗ ಆಲೆಮನೆಯಲ್ಲಿ ಕುದಿಯುವ ಬೆಲ್ಲದ ಪಾಕ ಚೆಲ್ಲಿ ಎಡಗೈಯ ಮೂರು ಬೆರಳು ಬೆಂದು ಕೂಡಿಕೊಂಡವು. ನೀರು ನೀರು ಎಂದು ಕೂಗಿದವಳಿಗೆ, ಕೊಡ ಮುಟ್ಟಬೇಡ ಎಂದು ದೂರದಿಂದ ಎರಚಿದರು. ಅರ್ಧ ನೀರು ನೆಲಕ್ಕೆ ಬಿತ್ತು.

ಓದಿ ಮುಗಿಸಿ ಅವನು ಕರವಸ್ತ್ರದಿಂದ ಕಣ್ಣೊರೆಸಿಕೊಂಡ. ಯಾರೂ ಅವನ ಮುಖ ನೋಡಲಿಲ್ಲ. ಕೇರಿಯ ಜನ ನೋಡಿದ್ದು ಗುಂಡಿಯ ಪಕ್ಕ ಕೂತಿದ್ದ ಶಿವಸ್ವಾಮಿಯ ತಾಯಿ ಶಿವನಂಜಮ್ಮನ ಎಡಗೈಯನ್ನು. ಆಕೆ ಅದನ್ನು ಸೆರಗಿನೊಳಗೆ ಎಳೆದುಕೊಂಡಳು. ಅಮೃತೇಶನಿಗೆ ಏನೂ ತಿಳಿಯಲಿಲ್ಲ. ಶಿವಸ್ವಾಮಿಯ ಮನೆಯ ಹೊಸಿಲನ್ನು ಅವನು ಯಾವತ್ತೂ ತುಳಿದವನಲ್ಲ.

“ಹೊತ್ತಾಯ್ತು ಸಿದ್ದಯ್ಯ,” ಎಂದ.

ಸಿದ್ದಯ್ಯ ಮಗಳ ಕಡೆ ತಿರುಗಿದ. “ಆಕ್ಬುಡವ್ವ. ಬುದ್ಯೋರು ಯೋಳ್ತಾವ್ರೆ. ಮಣ್ಮಾಡೋ ಒತ್ನಲ್ಲಿ ರಂಪ ಬ್ಯಾಡ.”

“ಆಕಾಕಿಲ್ಲ ಕಣಪ್ಪ.”

“ಶಾಂತಿ...”

“ಸತ್ತೋನು ಅಣ್ಣ. ಇದ್ರೊಳ್ಗಿರೋರು ಸತ್ತಿಲ್ಲ. ನಾನ್ ಆಕಾಕಿಲ್ಲ.”

ಅಮೃತೇಶ್ ನೋಟ್‌ಬುಕ್ಕಿಗೆ ಕೈ ಚಾಚಿದ. ಶಿವನಂಜಮ್ಮ ನೆಲಕ್ಕೆ ಕೈಯೂರಿ ಎದ್ದು ನಡುವೆ ಬಂದಳು. ಸೆರಗು ಸರಿಸಿ, ಮೂರು ಬೆರಳು ಕೂಡಿಕೊಂಡ ಎಡಗೈಯನ್ನು ಆ ಹಸಿರು ರಟ್ಟಿನ ಮೇಲಿಟ್ಟು ನಿಂತಳು.