ಕೂಗಣ್ಣನಿಗೆ ಹೆಗಲು

ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಅಕ್ಕ ಬಾಗಿಲನ್ನು ಉಜ್ಜುತ್ತಲೇ ಇದ್ದಳು. ಉಜ್ಜಿದಷ್ಟೂ ಕಪ್ಪು ಹರಡುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಕಡಲದಂಡೆಯ ಎಣ್ಣೆ ಕೆಸರನ್ನು ಬಕೆಟ್ಟಿನಲ್ಲಿ ತುಂಬಿ ತಂದು, ಬೆಳಗಾಗುವುದರೊಳಗೆ ಯಾರೋ ಎರಚಿ ಹೋಗಿದ್ದರು. ಒಳಗೆ ಅವಳ ತಮ್ಮನ ಹೆಣವಿತ್ತು. ಅದು ಹೊರಗೆ ಬರಬೇಕಾದದ್ದು ಇದೇ ಬಾಗಿಲಿನಿಂದ.

"ಬಿಡಿ ಅತ್ತಿಗೆ, ಸಾಕು," ಎಂದಳು ತಮ್ಮನ ಹೆಂಡತಿ ಒಳಗಿನಿಂದ. "ಹೆಗಲು ಕೊಡೋರೇ ಇಲ್ಲ, ಬಾಗಿಲು ಹೊಳೆದು ಏನಾಗಬೇಕು?"

ಅಕ್ಕ ತಿರುಗಿ ನೋಡಿದಳು. ರಸ್ತೆಯಾಚೆ, ಬೀಗ ಬಿದ್ದ ಐಸ್ ಕಾರ್ಖಾನೆಯ ಗೋಡೆಗೆ ಒರಗಿ ದೋಣಿಯವರು ಕೈಕಟ್ಟಿ ನಿಂತಿದ್ದರು. ಸಾವಿಗೆ ಬಂದವರ ಹಾಗಿರಲಿಲ್ಲ. ಸತ್ತದ್ದು ನಿಜವೇ ಎಂದು ಖಾತ್ರಿ ಮಾಡಿಕೊಳ್ಳಲು ಬಂದವರ ಹಾಗಿದ್ದರು. ಮುಂದೆ ನಿಂತವನು ದೊಡ್ಡ ದೋಣಿಯ ಮಾಲೀಕ, ತಮ್ಮನ ಜೊತೆ ಚಡ್ಡಿ ಹಾಕಿಕೊಂಡು ಬೆಳೆದವನು.

"ಏನೋ, ತಮಾಷೆ ನೋಡೋಕೆ ಬಂದ್ಯಾ?"

"ಹೂಂ ಅಕ್ಕ. ಇವತ್ತಾದ್ರೂ ಬಾಯಿ ಮುಚ್ಚಿದಾನಲ್ಲ, ನೋಡೋಣ ಅಂತ."

ಹಿಂದಿದ್ದವರು ನಕ್ಕರು.

*

ಅಕ್ಕನ ತಮ್ಮ ಊರಿಗೆಲ್ಲ ಕೂಗಣ್ಣ. ಮೀನು ಮಾರುಕಟ್ಟೆಯಲ್ಲಿ ಹರಾಜು ಕೂಗುವುದು ಅವನ ಕಸುಬು. ಆ ಗಂಟಲಿಗೆ ಮೈಕು ಬೇಕಿರಲಿಲ್ಲ. ಬುಟ್ಟಿಯಲ್ಲಿ ಹಳೇ ಮೀನಿದ್ದರೆ, "ಇದು ನಿನ್ನೆಯದು, ಬೆಕ್ಕು ಸಾಕಿದೋರು ಕೊಳ್ಳಿ!" ಎಂದು ಕೂಗಿಬಿಡುತ್ತಿದ್ದ. ಸ್ವಂತ ಅಕ್ಕನ ಬುಟ್ಟಿಯಾದರೂ ಅಷ್ಟೇ. ಅವಳು ಉಗಿದರೆ ಹಲ್ಲು ಕಿರಿಯುತ್ತಿದ್ದ.

ಕಡಲೊಳಗಿನ ಎಣ್ಣೆಬಾವಿ ಒಡೆದಾಗ ಕಂಪನಿಯವರು ಹುಡುಕಿಕೊಂಡು ಬಂದದ್ದು ಆ ಗಂಟಲನ್ನೇ. ಅವನು ವ್ಯಾನು ಹತ್ತಿ ಬೀದಿಬೀದಿ ಸುತ್ತಿದ. "ಬಾವಿಗೆ ಕಬ್ಬಿಣದ ಮುಚ್ಚಳ ಹಾಕ್ತಿದಾರೆ. ನಾಳೆ ಸಂಜೆಯೊಳಗೆ ಎಣ್ಣೆ ನಿಲ್ಲುತ್ತೆ!" ಜನ ಬಲೆ ಸರಿಮಾಡಿಕೊಂಡು ಕಾದರು. ಮುಚ್ಚಳ ಕೂರಲಿಲ್ಲ. ಆಮೇಲೆ ಕೆಸರು ತುಂಬುತ್ತಾರೆಂದ. ಬಾವಿ ಕೆಸರನ್ನೂ ಉಗುಳಿತು. ಮೂರನೇ ಸಲ ವ್ಯಾನು ಬಂದಾಗ ಜನ ಕಲ್ಲು ಹಿಡಿದು ನಿಂತಿದ್ದರು. ಅಕ್ಕ ಕೈಗೆ ಸಿಕ್ಕ ಖಾಲಿ ಬುಟ್ಟಿಯನ್ನೇ ಬೀಸಿ ಒಗೆದಿದ್ದಳು.

ಆ ಸಂಜೆ ಅವನು ಅವಳ ಮನೆಗೆ ಬಂದ. "ಈ ಸಲ ನಿಂತೇ ನಿಲ್ಲುತ್ತೆ ಅಕ್ಕ. ಇಂಜಿನಿಯರೇ ಹೇಳಿದಾರೆ."

"ಕಿವಿರು ಎತ್ತಿ ನೋಡ್ದೆ ಒಂದು ಮೀನಾದ್ರೂ ಕೂಗಿದ್ಯೇನೋ ನೀನು? ಇದನ್ನ ಹೇಗೆ ಕೂಗ್ದೆ?"

ಅವನು ಹೊಸ್ತಿಲಲ್ಲೇ ಕುಕ್ಕರಿಸಿದ. "ನಿಲ್ಲಲಿ ಅಂತ ನಂಗೂ ಆಸೆ ಇತ್ತಲ್ಲ."

"ನಿನ್ನ ಆಸೆಗೆ ಬೆಂಕಿ ಹಾಕ. ನನ್ನ ಹೊಸ್ತಿಲು ತುಳೀಬೇಡ."

ಮೂರನೆಯದೂ ಕೆಟ್ಟಿತು. ಆಮೇಲೆ ಅವನು ಮನೆಯಿಂದ ಹೊರಬೀಳಲಿಲ್ಲ. ನಿನ್ನೆ ಮಧ್ಯಾಹ್ನ ಊಟಕ್ಕೆ ಕೂತವನು ಎದೆ ಹಿಡಿದುಕೊಂಡು ಪಕ್ಕಕ್ಕೆ ಒರಗಿದ, ಅಷ್ಟೇ.

*

"ನಾಳೆ ಸಂಜೆಯೊಳಗೆ ಎಣ್ಣೆ ನಿಲ್ಲುತ್ತೆ!"

ಒಳಗೆ ಹೆಂಡತಿ ಕಿಟಾರನೆ ಕಿರುಚಿಕೊಂಡಳು. ತಿರುವಿನಲ್ಲಿ ಕಂಪನಿಯ ವ್ಯಾನು ಬರುತ್ತಿತ್ತು. ಕೂಗುತ್ತಿದ್ದದ್ದು ಸತ್ತವನದೇ ದನಿ, ಹಳೇ ರೆಕಾರ್ಡು.

ಅಧಿಕಾರಿ ಗಡಿಬಿಡಿಯಿಂದ ಇಳಿದು, ಆಫ್ ಮಾಡುವಂತೆ ಡ್ರೈವರಿಗೆ ಸನ್ನೆ ಮಾಡಿದ. ಅವನ ಹಿಂದೆ ಸಮವಸ್ತ್ರದ ನಾಲ್ವರು ಕೆಲಸಗಾರರು.

"ತಪ್ಪು ತಿಳ್ಕೋಬೇಡಿ ಅಮ್ಮ. ನಾಳೆ ಇನ್ನೊಂದು ಪ್ರಯತ್ನ ಇದೆ. ಜನಕ್ಕೆ ಪರಿಚಯದ ದನಿ ಅಂತ... ಹೆಗಲು ಕೊಡೋಕೆ ಯಾರೂ ಇಲ್ಲ ಅಂತ ಕೇಳ್ಪಟ್ಟೆ. ನಮ್ಮವರು ಕೊಡ್ತಾರೆ."

"ಗಂಟಲು ತಗೊಂಡ್ರಿ. ಈಗ ಹೆಣಾನೂ ಬೇಕಾ?"

ಅಕ್ಕನ ಕೈಯಲ್ಲಿದ್ದ ಕಪ್ಪು ಬಟ್ಟೆ ಅವನ ಬಿಳಿ ಅಂಗಿಗೆ ಪಟ್ಟನೆ ಬಡಿಯಿತು. ಆಚೆಯಿಂದ ಮೊದಲ ಕಲ್ಲು ವ್ಯಾನಿನ ಗಾಜಿಗೆ ಬಿತ್ತು. ಎರಡನೆಯದು ಬೀಳುವಷ್ಟರಲ್ಲಿ ಅಧಿಕಾರಿ ಒಳಗೆ ತೂರಿಕೊಂಡಿದ್ದ.

ವ್ಯಾನು ಹೋದ ಮೇಲೆ ದೋಣಿಯವರು ಮತ್ತೆ ಕೈಕಟ್ಟಿ ನಿಂತರು. ಅಕ್ಕ ಒಳಗೆ ಹೋಗಿ, ಹೆಣವಿಟ್ಟ ಪೆಟ್ಟಿಗೆಯ ಒಂದು ತುದಿ ಹಿಡಿದು ದರದರನೆ ಬಾಗಿಲವರೆಗೆ ಎಳೆದಳು. ಉಸಿರು ಕಟ್ಟಿತು, ಅಲ್ಲೇ ಕುಸಿದು ಕೂತಳು. ತಲೆಯೆತ್ತಿದರೆ ಎದುರಿಗೆ ಮಾಲೀಕ.

"ಸರಿ ಆಕಡೆ. ಕ್ಷಮಿಸಿಬಿಟ್ಟೆ ಅಂತ ಅಂದ್ಕೋಬೇಡ."

"ನಾನೂ ಕ್ಷಮಿಸಿಲ್ಲ. ಹಿಡಿ."

ಅವನು ಸಿಳ್ಳೆ ಹಾಕಿ ಇನ್ನೂ ಮೂವರನ್ನು ಕರೆದ.

ಸ್ಮಶಾನದವರೆಗೂ ಅವನು ಬೈದುಕೊಂಡೇ ನಡೆದ. ಸುಳ್ಳುಬುರುಕ ಎಂದ, ಕಂಪನಿಯ ಚಮಚ ಎಂದ, ನಿನ್ನ ಮಾತು ನಂಬಿ ಕೆಟ್ಟೆ ಎಂದ. ಉಳಿದವರು ಹೂಂಗುಟ್ಟಿದರು. ಯಾರೂ ಅಳಲಿಲ್ಲ. ಗುಂಡಿಯ ಪಕ್ಕ ಪೆಟ್ಟಿಗೆಯಿಟ್ಟು, ಕೆಳಗೆ ದೋಣಿಯ ಹಗ್ಗ ತೂರಿಸಿ, ಇಬ್ಬಿಬ್ಬರು ಎದುರುಬದುರು ನಿಂತರು.

"ನಿನ್ನ ಕಡೆ ಸಡಿಲ ಬಿಡು... ಸಾಕು. ಏ, ವಾಲ್ತಿದೆ ಕಣೋ!"

ಮಾಲೀಕ ಮೊಣಕಾಲೂರಿದ. ಜಿಡ್ಡುಗಟ್ಟಿದ ಹಗ್ಗ ಅಂಗೈಯಲ್ಲಿ ಜಾರಿತು. ಅದನ್ನು ಮುಂಗೈಗೆ ಸುತ್ತಿಕೊಂಡ. ಚರ್ಮ ಕೀಳುತ್ತ ಅದು ಗೇಣುಗೇಣಾಗಿ ಇಳಿಯಿತು. ಪೆಟ್ಟಿಗೆ ನೇರವಾಗಿ ತಳ ಮುಟ್ಟಿತು. ಉಳಿದವರು ಹಗ್ಗ ಬಿಟ್ಟು ಮಣ್ಣಿನ ಕಡೆ ತಿರುಗಿದರು. ಅವನು ಮಾತ್ರ, ಬಾಯಲ್ಲಿ ಬೈಗುಳವೂ ಉಳಿಯದೆ, ಸಡಿಲಾದ ಹಗ್ಗವನ್ನು ಕೈಗೆ ಸುತ್ತಿಕೊಂಡೇ ಗುಂಡಿಯೊಳಗೆ ಬಗ್ಗಿ ನೋಡುತ್ತಿದ್ದ.