ಗಂಟೆಯಲ್ಲಿ ಮುಗಿಯದ ಪರೀಕ್ಷೆ

"ಮಾತಿಗೆ ಒಂದು ಗಂಟೆ, ಹಾರಾಟಕ್ಕೆ ಒಂದು ಗಂಟೆ, ಅಷ್ಟೇ ಅಲ್ವಾ ಮೇಡಂ?" ದಂತವೈದ್ಯರು ಮತ್ತೆ ಕೇಳಿದರು. ಹೊಸ ಇನ್‌ಸ್ಟ್ರಕ್ಟರ್, ಅವರ ಮಗಳ ವಯಸ್ಸಿನವಳು, ಅದು ಕನಿಷ್ಠ ಎಂದಷ್ಟೇ ಹೇಳಿ ನಕಾಶೆ ಬಿಚ್ಚಿದಳು.

ರಜೆಯ ದಿನ ಕ್ಲಬ್ಬಿನ ಪುಟ್ಟ ವಿಮಾನ ಹಾರಿಸುವ ಡಾಕ್ಟರರಿಗೆ ಎರಡು ವರ್ಷಕ್ಕೊಮ್ಮೆ ಈ ಪರೀಕ್ಷೆ ತಪ್ಪಿದ್ದಲ್ಲ. ಹಳೆಯ ಇನ್‌ಸ್ಟ್ರಕ್ಟರ್ ಅರ್ಧ ಹೊತ್ತು ತನ್ನ ಹಲ್ಲುನೋವಿನ ಪುರಾಣ ಹೇಳುತ್ತಿದ್ದ. ಗಂಟೆ ತುಂಬಿದರೆ ಪಾಸು. ಡಾಕ್ಟರರಿಗೂ ಅದೇ ಬೇಕಿತ್ತು. ಹೋದ ವರ್ಷ ಇಳಿಯುವಾಗ ಅಡ್ಡಗಾಳಿ ಬೀಸಿ ವಿಮಾನ ರನ್‌ವೇ ಅಂಚಿನ ಹುಲ್ಲಿಗೆ ಜಾರಿತ್ತು. ಯಾರೂ ನೋಡಿರಲಿಲ್ಲ. ಅಂದಿನಿಂದ, ಗಾಳಿ ತೋರುವ ಕಂಬದ ಬಟ್ಟೆಚೀಲ ಜೋತುಬಿದ್ದ ಬೆಳಗುಗಳಲ್ಲಿ ಮಾತ್ರ ಹಾರುತ್ತಿದ್ದರು. ಗೊತ್ತಾದರೆ ಹಾರಾಟಕ್ಕೇ ಎಳ್ಳುನೀರು ಬಿಡಬೇಕಾದೀತು ಎಂಬ ಭಯ.

ಇಂದೂ ಬೆಳಗನ್ನೇ ಕೇಳಿ ಪಡೆದಿದ್ದರು. ಆದರೆ ಇವಳ ಪ್ರಶ್ನೆಗಳು ಮುಗಿಯಬೇಕಲ್ಲ! ಮೋಡ, ಇಂಧನ, ರೇಡಿಯೋ ಎಂದು ಕೆದಕಿ ಕೆದಕಿ ಕೇಳಿ ಹೊರಬರುವಷ್ಟರಲ್ಲಿ ಬಟ್ಟೆಚೀಲ ಹೊಟ್ಟೆ ಉಬ್ಬಿಸಿಕೊಂಡು ರನ್‌ವೇಗೆ ಅಡ್ಡಲಾಗಿ ನಿಂತಿತ್ತು. ರೋಗಿಗಳಿಗೆ ದಿನವೂ ಒಂದೇ ನಿಮಿಷ ಎಂದು ಸುಳ್ಳು ಹೇಳುವ ಡಾಕ್ಟರರ ಬಾಯಿ ಒಣಗಿತು.

ಮೇಲೆ ಎಲ್ಲವೂ ಸಲೀಸಾಗಿ ನಡೆಯಿತು. ವಾಪಸು ಬಂದು ರನ್‌ವೇ ಎದುರಾದಾಗ ಮಾತ್ರ ವಿಮಾನದ ಮೂತಿ ಒಂದು ಕಡೆ, ದಾರಿ ಒಂದು ಕಡೆ. ಡಾಕ್ಟರರು ಚುಕ್ಕಾಣಿಯಿಂದ ಕೈ ತೆಗೆದರು.

"ಗಂಟೆ ಆಯ್ತು ಮೇಡಂ. ನೀವೇ ಇಳಿಸಿಬಿಡಿ."

ಅವಳೇ ಇಳಿಸಿದಳು. ವಿಮಾನವನ್ನು ಪಕ್ಕಕ್ಕೆ ತಂದು ಎಂಜಿನ್ ಆರಿಸಿದ ಮೇಲೆ, ಎಷ್ಟು ದಿನದಿಂದ ಹೀಗೆ ಎಂದು ಕೇಳಿದಳು, ಥೇಟ್ ಡಾಕ್ಟರರೇ ರೋಗಿಗಳನ್ನು ಕೇಳುವ ಧಾಟಿಯಲ್ಲಿ. ಅವರು ಹುಲ್ಲಿನ ಕಥೆಯನ್ನೆಲ್ಲ ಒಪ್ಪಿಸಿ, ಇನ್ನು ಮುಗಿಯಿತು ಎಂದುಕೊಂಡು ಬೆಲ್ಟು ಬಿಚ್ಚತೊಡಗಿದರು.

"ಬೆಲ್ಟ್ ಯಾಕೆ ಬಿಚ್ತೀರಿ ಡಾಕ್ಟ್ರೇ? ಹಲ್ಲು ಅರ್ಧ ಕೊರೆದು, ಗಂಟೆ ಆಯ್ತು ಅಂತ ನೀವು ಎದ್ದು ಹೋಗ್ತೀರಾ?"

ಅವರಿಗೆ ನಗು ಬಂತು. ಒಂದು ವರ್ಷದಿಂದ ಒಬ್ಬರೇ ಹೊತ್ತದ್ದು ಎದೆಯಿಂದ ಇಳಿದುಹೋಯಿತು.

ಮತ್ತೆ ಮೇಲೇರಿದರು, ಇಳಿದರು, ಏರಿದರು. ಮೊದಮೊದಲು ಅವಳೂ ತನ್ನ ಕಡೆಯ ಚುಕ್ಕಾಣಿ ಹಿಡಿದಿದ್ದಳು. ಆಮೇಲೆ ಕೈ ತೊಡೆಯ ಮೇಲಿಟ್ಟು ಕೂತಳು. ಕೊನೆಯ ಸಲ ಇಳಿದದ್ದು ಚೆಂದವೇನಲ್ಲ, ಆದರೆ ಚಕ್ರ ನಡುಗೆರೆ ಬಿಡಲಿಲ್ಲ. ಇನ್ನೊಂದು ದಿನ ಬೇಕು, ನಾಳೆ ಬನ್ನಿ ಎಂದಳು.

ವಿಮಾನವನ್ನು ಹಗ್ಗದಿಂದ ಬಿಗಿಯುತ್ತಿದ್ದ ಡಾಕ್ಟರರು ತಲೆಯೆತ್ತಿದರು.

"ನಾಳೆ ಗಾಳಿ ಇಲ್ಲದಿದ್ರೆ?"

ಹಾಗಾದರೆ ನಾಡಿದ್ದು ಎಂದು ಅವಳು ಗಂಟನ್ನೊಮ್ಮೆ ಎಳೆದು ನೋಡಿ ಹೊರಟಳು. ಅವರು ಅಲ್ಲೇ ನಿಂತು, ಬೀಸುವ ಗಾಳಿಗೆ ಕೆನ್ನೆಯೊಡ್ಡಿದರು.